ಹೆಸರಿಲ್ಲದ ಮೇಜು

ಸೂರಿಗೆ ಸೆನ್ಸರ್ ಕೂರಿಸುವುದೆಂದರೆ ಏಣಿ ಹತ್ತಿ ತೂತು ಕೊರೆಯುವ ಕೆಲಸ ಎಂದುಕೊಂಡವರೇ ಹೆಚ್ಚು. ಇಂಜಿನಿಯರ್ ಸಿರ್ಗಾಳದು ಅದೇ ಕೆಲಸ; ಅವಳ ಗಂಡ ಕೂಡ ಮದುವೆಯಾದ ಹೊಸದರಲ್ಲಿ ಹಾಗೆಯೇ ತಿಳಿದಿದ್ದ, ಪುಣ್ಯಾತ್ಮ. ಏಣಿ ಹತ್ತುವುದು ಎಲ್ಲಕ್ಕಿಂತ ಕೊನೆಯ ಮಾತು. ಅದಕ್ಕೆ ಮೊದಲು ಆ ಕೋಣೆಯಲ್ಲಿ ಯಾರು ಎಲ್ಲಿ ಕೂರುತ್ತಾರೆ, ಎಷ್ಟು ಹೊತ್ತು ಕೂರುತ್ತಾರೆ, ಕೂತವರು ಗಳಿಗೆಗೊಮ್ಮೆ ಎದ್ದು ಓಡಾಡುವವರೋ ಅಥವಾ ಕೂತರೆ ಕೂತೇಬಿಡುವವರೋ, ಇಷ್ಟನ್ನೂ ತಿಳಿದಿರಬೇಕು. ಸೆನ್ಸರ್ ಎಂಬ ಆ ಬಿಳಿ ಗುಂಡಿಯ ಕಣ್ಣಿಗೆ ಮನುಷ್ಯ ಕಾಣುವುದಿಲ್ಲ, ಮೈಬಿಸಿ ಅಲುಗಾಡಿದ್ದು ಮಾತ್ರ ಕಾಣುತ್ತದೆ. ಅಲುಗಾಟ ಕಂಡರೆ ದೀಪ ಹೊತ್ತಿಸುತ್ತದೆ. ಸ್ವಲ್ಪ ಹೊತ್ತು ಏನೂ ಕಾಣದಿದ್ದರೆ ಯಾರೂ ಇಲ್ಲವೆಂದು ತಾನೇ ತೀರ್ಮಾನಿಸಿ ಆರಿಸಿಬಿಡುತ್ತದೆ. ನಡುವೆ ಒಂದು ಬೀರು ಅಡ್ಡ ನಿಂತಿತೋ, ಬೀರುವಿನ ಹಿಂದಿರುವವರು ಅದರ ಪಾಲಿಗೆ ಹುಟ್ಟೇ ಇಲ್ಲ.

ಸಿರ್ಗಾ ಕೆಲಸಕ್ಕಿದ್ದದ್ದು ಬಿಷ್ಕೆಕ್ ನಗರದಲ್ಲಿ ಇಂಥ ಸೆನ್ಸರ್ ಕೂರಿಸುವ ಒಂದು ಸಣ್ಣ ಕಂಪನಿಯಲ್ಲಿ. ಯಜಮಾನರು ಗೆನ್ನಾದಿ ಪೆತ್ರೊವಿಚ್ ಕಿಮ್, ಕೊರಿಯನ್ ಮೂಲದ ಕುಳ್ಳ ಮನುಷ್ಯ. ಮಾತು ಕಡಿಮೆ, ಕಾಳಜಿ ಜಾಸ್ತಿ, ಕಾಳಜಿ ತೋರಿಸಿಕೊಳ್ಳಲು ನಾಚಿಕೆ ಇನ್ನೂ ಜಾಸ್ತಿ. ಅಲ್ಲಿಯವರೆಗೆ ಬೇರೆಯವರು ಹಾಕಿದ ಲೆಕ್ಕಕ್ಕೆ ಗೆರೆ ಎಳೆದುಕೊಂಡಿದ್ದ ಸಿರ್ಗಾಳಿಗೆ ಆ ವಸಂತದಲ್ಲಿ ಮೊದಲ ಬಾರಿ ಒಂದು ಕೆಲಸವನ್ನು ಪೂರ್ತಿ ಒಪ್ಪಿಸಿದರು. ಕಾಲುವೆಗಳ ವಿನ್ಯಾಸ ಮಾಡುವ ಒಂದು ಹಳೆಯ ಸಂಸ್ಥೆ, ಅದರ ಮೂರನೆಯ ಮಹಡಿಯ ದೊಡ್ಡ ಕೋಣೆ. ಅದೇ ಕೋಣೆಯಲ್ಲಿ ಸಿರ್ಗಾಳ ಅತ್ತೆ ಯಾವ ಕಾಲದಿಂದಲೋ ನೀರಿನ ಲೆಕ್ಕ ಹಾಕುತ್ತ ಕೂತಿದ್ದರು.

“ಅತ್ತೆ ಇರೋ ಆಫೀಸು. ಹೆದರಿಕೆ ಆದ್ರೆ ಈಗ್ಲೇ ಹೇಳ್ಬಿಡು, ಬೇರೆ ಯಾರನ್ನಾದ್ರೂ ಕಳಿಸ್ತೀನಿ,” ಅಂದರು ಕಿಮ್.

“ನನಗ್ಯಾಕೆ ಹೆದರಿಕೆ, ಗೆನ್ನಾದಿ ಪೆತ್ರೊವಿಚ್?” ಅಂದಳು ಸಿರ್ಗಾ. ಹೆದರಿಕೆ ಆಗಿಯೇ ಇತ್ತು.

ಅತ್ತೆಯ ಹೆಸರು ಅನಾರ್‌ಬೂಬು, ಆಫೀಸಿನ ಕಾಗದಗಳಲ್ಲಿ ತಂದೆಯ ಹೆಸರೂ ಸೇರಿ ಅನಾರ್‌ಬೂಬು ಸಾದಿರೊವ್ನಾ. ನಾವು ಹೇಳಬಹುದು, ಸಿರ್ಗಾ ಹೇಳುವಂತಿಲ್ಲ. ನಾರಿನ್ ಸೀಮೆಯ ಮನೆತನಕ್ಕೆ ಸೊಸೆಯಾಗಿ ಬಂದವಳು ಗಂಡನ ಕಡೆಯ ಹಿರಿಯರ ಹೆಸರನ್ನು ಬಾಯಲ್ಲಿ ತರುವುದುಂಟೇ? ಯಾರೂ ಅವಳನ್ನು ಕೂರಿಸಿಕೊಂಡು ಕಲಿಸಿದ್ದಲ್ಲ. ಅವಳ ತಾಯಿ ಹೇಳುತ್ತಿರಲಿಲ್ಲ, ಅಜ್ಜಿ ಹೇಳುತ್ತಿರಲಿಲ್ಲ, ಹಾಗಾಗಿ ಅವಳ ನಾಲಿಗೆಯೂ ಹೊರಳುತ್ತಿರಲಿಲ್ಲ. ಫೋನಿನಲ್ಲಿ ‘ಅಪಾ’ ಎಂದೇ ಬರೆದುಕೊಂಡಿದ್ದಳು, ಅಂದರೆ ಅಮ್ಮ. ಒಮ್ಮೆ ಆಸ್ಪತ್ರೆಯಲ್ಲಿ ನರ್ಸ್ ಅತ್ತೆಯ ಹೆಸರು ಕೇಳಿದಾಗ ಬ್ಯಾಗಿನಿಂದ ಪಾಸ್‌ಪೋರ್ಟ್ ತೆಗೆದು ಆಕೆಯ ಮೂಗಿನ ಮುಂದೆ ಹಿಡಿದಿದ್ದಳು. ಅನಾರ್ ಎಂದರೆ ದಾಳಿಂಬೆಯಾದ್ದರಿಂದ ಓಶ್ ಬಜಾರಿನಲ್ಲಿ ದಾಳಿಂಬೆ ಕೊಳ್ಳುವಾಗಲೂ ಬೆರಳು ತೋರಿಸಿ “ಆ ಕೆಂಪು ಹಣ್ಣು ಕೊಡಿ” ಅನ್ನುತ್ತಿದ್ದಳು. ಇಂಜಿನಿಯರಿಂಗ್ ಓದಿದವಳು ಹೀಗೆ ಮಾಡುತ್ತಾಳಲ್ಲ ಎಂದು ಗೆಳತಿಯರು ನಗುತ್ತಿದ್ದರು. ನಗಲಿ ಬಿಡಿ. ನಕ್ಕವರಲ್ಲಿ ಇಬ್ಬರು ಮದುವೆಯಾದ ಮೇಲೆ ತಾವೂ ಅದನ್ನೇ ಮಾಡಿದರು.

ಅಳತೆಗೆ ಹೋದ ದಿನ ಸಿರ್ಗಾ ಕುತ್ತಿಗೆಗೆ ಟೇಪು ನೇತುಹಾಕಿಕೊಂಡು ಬಾಗಿಲಲ್ಲಿ ನಿಂತು, “ನೀವೆಲ್ಲ ಕೆಲಸ ಮಾಡ್ತಾ ಇರಿ, ನಾನು ಇಲ್ಲ ಅಂತ್ಲೇ ತಿಳ್ಕೊಳಿ,” ಎಂದು ಕೇಳಿಕೊಂಡಳು. ಜನ ಹೇಗೆ ಕೂರುತ್ತಾರೆಂದು ನೋಡುವುದೇ ಅವಳ ಕೆಲಸವಾಗಿತ್ತಲ್ಲ.

“ಅಯ್ಯೋ, ಅನಾರ್‌ಬೂಬು ಎಜೆಯ ಸೊಸೆ ಬಂದಿರೋವಾಗ ಕೆಲಸ ಮಾಡೋದಾ?” ಎಂದು ರಾಜಿಯಾ ಎಂಬ ದಪ್ಪನೆಯ ಹೆಂಗಸು ಕುರ್ಚಿ ಹಿಂದೆ ತಳ್ಳಿ ಎದ್ದೇಬಿಟ್ಟರು. ಎಜೆ ಎಂದರೆ ಅಕ್ಕ, ಆ ಕೋಣೆಯಲ್ಲಿ ಎಲ್ಲರಿಗೂ ಅನಾರ್‌ಬೂಬು ಎಜೆಯೇ. ನಕ್ಷೆಗಳ ಮೇಜಿನ ಮೇಲೆ ರೊಟ್ಟಿ ಬಂತು, ಏಪ್ರಿಕಾಟ್ ಜಾಮ್ ಬಂತು, ಯಾರದೋ ಡ್ರಾಯರಿನಿಂದ ಮಿಠಾಯಿ ಬಂತು. ಸೊಸೆ ಇರುವಾಗ ಬೇರೆ ಯಾರು ಕೆಟಲ್ ಮುಟ್ಟುತ್ತಾರೆ? ಸೂರು ಅಳೆಯಲು ಬಂದ ಇಂಜಿನಿಯರಮ್ಮ ಟೇಪಿನ ಸಮೇತ ಬಾಗಿಲ ಬಳಿ ಕೂತು ಎಲ್ಲರಿಗೂ ಅಲ್ಲಿಯ ಮರ್ಯಾದೆಯಂತೆ ಅರ್ಧರ್ಧ ಬಟ್ಟಲು ಚಹಾ ಹುಯ್ದು ಕೊಡಬೇಕಾಯಿತು.

“ಸೊಸೆ ಚಹಾ ಚೆನ್ನಾಗಿ ಹುಯ್ತಾಳೆ. ದೀಪ ಹೇಗೆ ಹಾಕ್ತಾಳೋ ನೋಡೋಣ,” ಅಂದರು ರಾಜಿಯಾ.

“ನಿನ್ನ ತಲೆ ಮೇಲಿನ ದೀಪ ನೀನು ಬಾಯಿ ಮುಚ್ಚಿದ ತಕ್ಷಣ ಆರೋ ಹಾಗೆ ಮಾಡು ಅಂತೀನಿ. ಆಗ ದಿನವಿಡೀ ಉರೀತಾನೇ ಇರುತ್ತೆ,” ಅಂದರು ಅನಾರ್‌ಬೂಬು. ಕೋಣೆಯೆಲ್ಲ ನಕ್ಕಿತು. ಅತ್ತೆಯ ಮುಖದಲ್ಲಿ ಹೆಮ್ಮೆ ಇತ್ತು, ಅದನ್ನು ಬಚ್ಚಿಡಲು ಅವರು ಪ್ರಯತ್ನವನ್ನೂ ಮಾಡಲಿಲ್ಲ.

ಚಹಾ ಮುಗಿದ ಮೇಲೆ ಸಿರ್ಗಾ ತನ್ನದೇ ಒಂದು ಪದ್ಧತಿಯಂತೆ ಕೆಲಸಕ್ಕೆ ತೊಡಗಿದಳು. ನಕ್ಷೆಯಲ್ಲಿ ಪ್ರತಿ ಮೇಜಿಗೂ ಒಂದು ಚೌಕ. ಚೌಕದೊಳಗೆ ಅಲ್ಲಿ ಕೂರುವವರ ಹೆಸರು, ಹೆಸರಿನ ಕೆಳಗೆ ಅವರ ಅಭ್ಯಾಸ. ಹೆಸರಿಲ್ಲದಿದ್ದರೆ ಅದು ಖಾಲಿ ಮೇಜು. ಈ ಪದ್ಧತಿಯನ್ನು ಕಿಮ್ ಅವರಿಗೂ ಅವಳೇ ವಿವರಿಸಿ ಹೇಳಿ ಒಪ್ಪಿಸಿದ್ದಳು. ರಾಜಿಯಾರ ಚೌಕದಲ್ಲಿ ‘ಸದಾ ಓಡಾಟ’ ಎಂದು ಬರೆದಳು. ಹೀಗೆ ಒಂದೊಂದೇ ಮೇಜು ದಾಟಿ ಬಾಗಿಲಿಗೆ ತೀರ ದೂರದ ಮೂಲೆಗೆ ಬಂದಳು. ಮನೆಯಲ್ಲಾದರೆ ಅದು ಹಿರಿಯರನ್ನು ಕೂರಿಸುವ ಜಾಗ, ಆಫೀಸಿನಲ್ಲೂ ಹಿರಿಯರನ್ನು ಅಲ್ಲೇ ಕೂರಿಸಿದ್ದರು. ಮುಂದೆ ನಕ್ಷೆಗಳ ಎತ್ತರದ ಬೀರು ಗೋಡೆಯ ಹಾಗೆ ನಿಂತಿತ್ತು, ಕಿಟಕಿ ಇರಲಿಲ್ಲ. ಗೌರವದ ಜಾಗವೇನೋ ಸರಿ, ಬೆಳಕು ಮಾತ್ರ ಸೂರಿನಿಂದಲೇ ಬರಬೇಕು.

“ನನ್ನದೇನು ಕೇಳ್ತೀಯ, ಬಾಲಾಮ್, ನಿನಗೆ ಗೊತ್ತಿಲ್ದೆ ಇರೋದಾ?” ಅಂದರು ಅತ್ತೆ. ಬಾಲಾಮ್ ಎಂದರೆ ನನ್ನ ಮಗು.

“ಗೊತ್ತು ಅಪಾ,” ಅಂದಳು ಸಿರ್ಗಾ. ಚೌಕ ಎಳೆದಳು. ಕೆಳಗೆ ‘ಅಲುಗಾಡುವುದಿಲ್ಲ’ ಎಂದು ಬರೆದಳು. ಹೆಸರಿನ ಜಾಗಕ್ಕೆ ಬಂದಾಗ ಪೆನ್ಸಿಲ್ ಕಾಗದದ ಮೇಲೆ ಒಂದು ಗಳಿಗೆ ನಿಂತಿತು, ಮತ್ತೆ ಮುಂದಕ್ಕೆ ಹೋಯಿತು. ಅವಳಿಗೆ ಏನೋ ಬಿಟ್ಟುಹೋಯಿತು ಅನ್ನಿಸಲೂ ಇಲ್ಲ. ಬಜಾರಿನಲ್ಲಿ ಬೆರಳು ತೋರಿಸುವವಳಿಗೆ ಹೆಸರಿಲ್ಲದ ಚೌಕವೇ ಅತ್ತೆಯ ಹೆಸರಿನಂತೆ ಕಂಡಿದ್ದರೆ ಆಶ್ಚರ್ಯವೇನು? ಆ ಚೌಕದ ಮೇಲೆ ಒಂದು ಸೆನ್ಸರನ್ನೂ ಗುರುತು ಮಾಡಿ ನಕ್ಷೆಯನ್ನು ಕಿಮ್ ಅವರ ಕೈಗೆ ಕೊಟ್ಟಳು.

ಫಿಟ್ಟರ್‌ಗಳು ಏಣಿ ಹತ್ತಿದ ದಿನ ಅವಳನ್ನು ತೋಕ್ಮೊಕ್ ಊರಿಗೆ ಇನ್ನೊಂದು ಕಟ್ಟಡ ಅಳೆಯಲು ಕಳಿಸಿದ್ದರು. ಕೆಲಸ ಮುಗಿಯಿತು, ಎಲ್ಲ ಸರಿಯಾಗಿದೆ ಎಂದು ಸುದ್ದಿ ಬಂತು. ಸಿರ್ಗಾ ಆ ವಾರವೆಲ್ಲ ನೆಲದ ಮೇಲೆ ನಡೆಯಲಿಲ್ಲ.

ವಾರ ಕಳೆದ ಮೇಲೆ ಒಂದು ಸಂಜೆ ಅವಳು ಮನೆಗೆ ಬಂದಾಗ ಹೊಸಿಲ ಬಳಿ ಅತ್ತೆಯ ಆಫೀಸಿನ ಮೆತ್ತನೆಯ ಚಪ್ಪಲಿ ಇದ್ದವು. ಆಫೀಸಿನ ಚಪ್ಪಲಿ ಆಫೀಸಿನ ಮೇಜಿನ ಕೆಳಗಿರಬೇಕು. ಅದನ್ನು ಯಾರೂ ಸುಮ್ಮನೆ ಮನೆಗೆ ತರುವುದಿಲ್ಲ.

ಅನಾರ್‌ಬೂಬು ಅಡುಗೆಮನೆಯಲ್ಲಿ ಹಿಟ್ಟು ನಾದುತ್ತಿದ್ದರು. ಬೇಕಾದ್ದಕ್ಕಿಂತ ಬಲವಾಗಿಯೇ ನಾದುತ್ತಿದ್ದರು.

“ಅಪಾ, ಚಪ್ಪಲಿ ಯಾಕೆ ತಂದ್ರಿ?”

“ಅಲ್ಲಿ ಇಟ್ಟು ಏನು ಮಾಡ್ಲಿ?” ಅಂದರು ಅತ್ತೆ, ಹಿಟ್ಟಿನಿಂದ ಕಣ್ಣೆತ್ತದೆ. “ನನ್ನ ದೀಪ ಆರಿಹೋಗುತ್ತೆ. ಕೈ ಬೀಸ್ದೆ, ಹೊತ್ಕೊಳ್ಲಿಲ್ಲ. ಎದ್ದು ಬೀರುವಿನಿಂದ ಈಚೆಗೆ ಬಂದ್ರೆ ಹೊತ್ಕೊಳುತ್ತೆ, ಹೋಗಿ ಕೂತ್ರೆ ಮತ್ತೆ ಆರುತ್ತೆ. ಫೋನಿನ ಬೆಳಕಲ್ಲಿ ಲೆಕ್ಕ ಹಾಕ್ಕೊಂಡು ಕೂತಿದ್ದೆ, ಕಳ್ಳಿ ಹಾಗೆ. ಆಮೇಲೆ ತಲೆ ಎತ್ತಿ ನೋಡ್ದೆ. ಎಲ್ಲರ ತಲೆ ಮೇಲೂ ಆ ಬಿಳಿ ಗುಂಡಿ ಇದೆ. ನನ್ನ ತಲೆ ಮೇಲೆ ಇಲ್ಲ.”

“ಅದು ಹೇಗಾಗುತ್ತೆ? ನಾನೇ ಹಾಕಿದ್ದೆ!”

“ಇಲ್ಲ ಅಂತಿದೀನಲ್ಲ. ಹೊಸ ನಿರ್ದೇಶಕರು ಬಂದಾಗಿಂದ ನನ್ನ ವಯಸ್ಸಿನ ಮಾತೇ ಆಡ್ತಿದ್ರು. ಬಾಯಿ ಬಿಟ್ಟು ಹೇಳಿದ್ರೆ ನಾನೇ ಹೋಗ್ತಿದ್ದೆ. ಸೊಸೆ ಕೈಲಿ ದೀಪ ಆರಿಸಿ ಹೇಳಿ ಕಳಿಸ್ಬೇಕಿತ್ತಾ?”

“ನನಗೆ ಯಾರೂ ಏನೂ ಹೇಳ್ಲಿಲ್ಲ ಅಪಾ!”

“ಹಾಗಾದ್ರೆ ನಿನಗೇ ಅನ್ನಿಸ್ತಾ, ಈ ಮುದುಕಿಗೆ ಇನ್ನು ಬೆಳಕು ಯಾಕೆ ಅಂತ?”

ಅತ್ತೆ ಸಿರ್ಗಾಳ ಮೇಲೆ ಎಂದೂ ದನಿ ಏರಿಸಿದವರಲ್ಲ, ಈಗಲೂ ಏರಿಸಿರಲಿಲ್ಲ. ಜಗಳವಾಡಿದ್ದರೆ ಎಷ್ಟೋ ಚೆನ್ನಾಗಿತ್ತು. ಅವರು ಕೈಗಂಟಿದ ಹಿಟ್ಟು ಉಜ್ಜಿ ತೆಗೆದು ಕಿಟಕಿಯ ಕಡೆ ತಿರುಗಿ ನಿಂತರು.

“ಸಂಬಳಕ್ಕೆ ಅಂತ ಅಲ್ಲ, ಬಾಲಾಮ್. ಮನೇಲಿ ನಾನು ಅಪಾ. ಬಸ್ಸಲ್ಲಿ ನಾನು ಅಜ್ಜಿ. ನಿಮ್ಮ ಮಾವ ಹೋದ್ಮೇಲೆ ನನ್ನನ್ನ ಹೆಸರು ಹಿಡಿದು ಕರೆಯೋರು ಆ ಕೋಣೇಲಿ ಮಾತ್ರ ಇದ್ದಾರೆ. ನಾಳೆ ಹೋಗಿ ನನ್ನ ಲೆಕ್ಕ ಎಲ್ಲ ರಾಜಿಯಾಗೆ ಒಪ್ಪಿಸಿ ಬಂದ್ಬಿಡ್ತೀನಿ. ಅವಳಿಗೆ ಕೂಡೋಕೆ ಬರುತ್ತೆ, ಕಳೆಯೋಕೆ ಬರಲ್ಲ. ನೀರು ಏನಾಗುತ್ತೋ ದೇವರೇ ಬಲ್ಲ.”

ಬೆಳಿಗ್ಗೆ ಸಿರ್ಗಾ ಕೋಟನ್ನೂ ಬಿಚ್ಚದೆ ಕಿಮ್ ಅವರ ಎದುರು ನಿಂತಳು. ಅವರು ನಕ್ಷೆ ತೆಗೆದು ಹರಡಿದರು. ಮೂಲೆಯ ಚೌಕದ ಮೇಲಿದ್ದ ಸೆನ್ಸರಿನ ಗುರುತಿನ ಮೇಲೆ ಕೆಂಪು ಗೆರೆ ಅಡ್ಡ ಬಿದ್ದಿತ್ತು.

“ನಾನೇ ಹೊಡೆದುಹಾಕ್ದೆ,” ಅಂದರು ಕಿಮ್. “ಹೆಸರಿಲ್ಲ, ಖಾಲಿ ಮೇಜು. ‘ಅಲುಗಾಡುವುದಿಲ್ಲ’ ಅಂತ ಬೇರೆ ಬರೆದಿದೀಯ. ನಾನೇನೋ ಮೇಜಿನ ಕಾಲು ನೆಲಕ್ಕೆ ಬಡಿದಿದ್ದಾರೆ ಅಂದ್ಕೊಂಡೆ. ಪದ್ಧತಿ ನಿನ್ನದೇ ತಾನೆ?”

ಸಿರ್ಗಾ ಚೌಕವನ್ನು ನೋಡುತ್ತಲೇ ನಿಂತಳು. “ಅದು ಖಾಲಿ ಅಲ್ಲ. ಅದು ಅಪಾ ಕೂರೋ ಜಾಗ. ಹೆಸರು ಬರೆಯೋಕೆ ನನ್ನ ಕೈ ಬರ್ಲಿಲ್ಲ.”

ಕಿಮ್ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಹುಟ್ಟಿದಂದಿನಿಂದ ಈ ಜನರ ನಡುವೆಯೇ ಬಾಳಿದವರು, ವಿವರಿಸಿ ಹೇಳಬೇಕಾಗಿರಲಿಲ್ಲ. “ದೇವರೇ,” ಅಂದರು. “ಇಪ್ಪತ್ತೆಂಟು ಕಟ್ಟಡ ಮಾಡಿದೀನಿ. ತಂತಿ ತಪ್ಪಿದ್ದು ನೋಡಿದೀನಿ, ಅಳತೆ ತಪ್ಪಿದ್ದು ನೋಡಿದೀನಿ. ಮರ್ಯಾದೆ ಜಾಸ್ತಿ ಆಗಿ ದೀಪ ಆರಿದ್ದು ಇದೇ ಮೊದಲು.” ಆಮೇಲೆ ಅವರ ಮುಖ ಸಪ್ಪಗಾಯಿತು. “ಒಂದು ತೊಂದ್ರೆ ಇದೆ. ನಿರ್ದೇಶಕರು ನಿನ್ನೆ ಫೋನ್ ಮಾಡಿದ್ರು. ಆ ಮೂಲೇಲಿ ದೊಡ್ಡ ಪ್ರಿಂಟರ್ ಇಡ್ತಾರಂತೆ. ನಿಮ್ಮ ನಕ್ಷೇಲೂ ಖಾಲಿ ಅಂತ್ಲೇ ಇದೆ ಅಂದ್ರು, ನಾನು ಹೌದು ಅಂದೆ.”

“ಫಿಟ್ಟರ್‌ನ ಕಳಿಸಿ. ಈಗ್ಲೇ ಹೋಗ್ತೀನಿ.”

“ಕಳಿಸ್ತೀನಿ. ಆದ್ರೆ ಅವ್ರ ಸಹಿ ಇಲ್ದೆ ಸೂರಿಗೆ ಒಂದು ತೂತೂ ಕೊರೀಬಾರ್ದು.” ಸಿರ್ಗಾ ಬಾಗಿಲು ದಾಟುವಾಗ ಹಿಂದಿನಿಂದ ಮತ್ತೆ ಕರೆದರು. “ಹೊಡೆದುಹಾಕಿದ್ದು ನಾನು ಅಂತ ಹೇಳು. ಬೈಗುಳ ನನಗಿರ್ಲಿ.”

ಕೋಣೆಗೆ ಅವಳು ಕಾಲಿಟ್ಟಾಗ ಬೀರುವಿನ ಹಿಂದಿನಿಂದ ಕಾಗದ ಕಟ್ಟುವ ಸದ್ದು ಬರುತ್ತಿತ್ತು. ಅನಾರ್‌ಬೂಬು ಆಗಲೇ ನಕ್ಷೆಗಳನ್ನು ಸುತ್ತಿಡಲು ತೊಡಗಿದ್ದರು. ರಾಜಿಯಾರ ಕಣ್ಣು ಕೆಂಪಗಿದ್ದವು. ನಿರ್ದೇಶಕ ಎರ್ಕಿನ್ ತಾಲಿಪೊವಿಚ್ ಕೋಣೆಯ ನಡುವೆ ನಿಂತು ಪ್ರಿಂಟರಿನ ಪೆಟ್ಟಿಗೆ ಯಾವ ಕಡೆಯಿಂದ ಒಳಗೆ ಬರಬಹುದೆಂದು ಕಣ್ಣಳತೆ ಮಾಡುತ್ತಿದ್ದರು. ಇನ್ನೂ ನಲವತ್ತು ಮುಟ್ಟದ ಮನುಷ್ಯ, ಕೆಟ್ಟವರೇನಲ್ಲ. ಹಿರಿಯರ ಮುಖ ನೋಡಿ ಮಾತಾಡಲು ಸಂಕೋಚ, ಅಷ್ಟೆ. ಆ ಸಂಕೋಚದಿಂದಲೇ ಎಷ್ಟೋ ಅನ್ಯಾಯ ಮಾಡಿಬಿಡುವ ಜಾತಿ.

“ಎರ್ಕಿನ್ ತಾಲಿಪೊವಿಚ್, ಒಂದು ಸೆನ್ಸರ್ ಬಿಟ್ಟುಹೋಗಿದೆ. ಆ ಮೂಲೇಲಿ. ಇವತ್ತೇ ಹಾಕಿಬಿಡ್ತೀವಿ, ನೀವು ಸಹಿ ಹಾಕಿಕೊಟ್ರೆ.”

“ಆ ಮೂಲೆಗೆ ಬೇಡಮ್ಮ. ಅಲ್ಲಿ ಮೆಷಿನ್ ಬರುತ್ತೆ. ನೋಡಿ, ನಿಮ್ಮ ನಕ್ಷೆಯಲ್ಲೇ ಖಾಲಿ ಬಿಟ್ಟಿದೀರಿ.” ಅವರು ತಮ್ಮ ಕೈಯಲ್ಲಿದ್ದ ಪ್ರತಿಯನ್ನು ತೋರಿಸಿದರು.

“ಅದು ಖಾಲಿ ಅಲ್ಲ. ಹೆಸರು ಬರೀಲಿಲ್ಲ, ಅಷ್ಟೆ. ತಪ್ಪು ನನ್ನದು.”

“ಎಲ್ಲರದೂ ಬರೆದಿದೀರಿ. ಅದೊಂದು ಯಾಕೆ ಬಿಟ್ರಿ?”

ಸಿರ್ಗಾ ತಲೆ ತಗ್ಗಿಸಿದಳು. “ನಾನು ಅವರ ಸೊಸೆ.”

ಮೊದಲು ರಾಜಿಯಾರಿಗೆ ಹೊಳೆಯಿತು. ಅವರು ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡರು, ಮುಚ್ಚಿದ ಬಾಯಿಂದಲೇ “ಅಯ್ಯಯ್ಯೋ” ಎಂಬ ಸದ್ದು ಹೊರಟಿತು. ಕಿಟಕಿ ಪಕ್ಕದ ನಕ್ಷೆಗಾರ ಪೆನ್ನು ಕೆಳಗಿಟ್ಟ. ಬೀರುವಿನ ಹಿಂದೆ ಕಾಗದದ ಸದ್ದು ನಿಂತುಹೋಯಿತು.

ನಿರ್ದೇಶಕರಿಗೂ ಅರ್ಥವಾಯಿತು, ಅವರ ಮನೆಯಲ್ಲೂ ಸೊಸೆಯಂದಿರಿದ್ದರು. ಆದರೆ ಸಹಿ ಹಾಕುವ ಮನುಷ್ಯ ಅಷ್ಟು ಸುಲಭಕ್ಕೆ ಜಗ್ಗುವನೇ? ಬೆವರುತ್ತಿದ್ದ ಕುತ್ತಿಗೆಯನ್ನು ಒರೆಸಿಕೊಂಡು ಅಂದರು, “ಇರ್ಬಹುದು. ಅವರು ಹೊರಡ್ತಾರೆ ಅಂತಾನೂ ಕೇಳ್ದೆ. ಯಾರೂ ಕೂರದ ಜಾಗಕ್ಕೆ ನಾನು ಹೇಗೆ ಸಹಿ ಹಾಕ್ಲಿ? ನೀವೇ ಹೇಳಿ, ಅಲ್ಲಿ ಕೂರೋದು ಯಾರು?”

ಬೆರಳು ತೋರಿಸಬಹುದಿತ್ತು. ‘ನಮ್ಮ ಅಪಾ’ ಅನ್ನಬಹುದಿತ್ತು. ರಾಜಿಯಾ ಎಜೆ, ನೀವು ಹೇಳಿ ಎಂದು ಕಣ್ಣಿನಲ್ಲೇ ಬೇಡಬಹುದಿತ್ತು, ರಾಜಿಯಾ ತುದಿಗಾಲ ಮೇಲೆ ನಿಂತೂ ಇದ್ದರು. ಆದರೆ ಈ ಕೋಣೆಯಲ್ಲಿ ‘ಅಪಾ’ ಎಂಬ ಯಾರೂ ಕೆಲಸಕ್ಕಿರಲಿಲ್ಲ. ಅಪಾ ಇದ್ದದ್ದು ಮನೆಯಲ್ಲಿ. ತಾನು ಹೇಳಲು ಹೊರಟಿರುವುದು ಮರ್ಯಾದೆಗೇಡು ಎಂದು ಸಿರ್ಗಾಳ ಮೈಯೆಲ್ಲ ಹೇಳುತ್ತಿತ್ತು, ಹೇಳದಿದ್ದರೆ ಅದಕ್ಕಿಂತ ದೊಡ್ಡ ಮರ್ಯಾದೆಗೇಡು ಎಂದು ತಲೆ ಹೇಳುತ್ತಿತ್ತು. ಅವಳು ತಲೆ ಎತ್ತಿದಳು.

“ಅನಾರ್‌ಬೂಬು ಸಾದಿರೊವ್ನಾ,” ಅಂದಳು. ದನಿ ಒಡೆಯಿತು. ಸಾಲದು ಅನ್ನಿಸಿ, ಬೀರು ದಾಟಿ ಆ ಮೂಲೆಗೂ ಕೇಳುವಂತೆ ಮತ್ತೊಮ್ಮೆ ಹೇಳಿದಳು. “ಅಲ್ಲಿ ಕೂರೋದು ಅನಾರ್‌ಬೂಬು ಸಾದಿರೊವ್ನಾ.”

ಬೀರುವಿನ ಹಿಂದೆ ಕುರ್ಚಿ ಕಿರ್ರೆಂದಿತು.

“ಇದ್ದೀನಿ,” ಎಂದು ಆ ಕತ್ತಲ ಮೂಲೆಯಿಂದ ದನಿ ಬಂತು. ಶಾಲೆಯಲ್ಲಿ ಹಾಜರಿ ಕೂಗಿದಾಗ ಹುಡುಗಿಯರು ಹೇಳುತ್ತಾರಲ್ಲ, ಹಾಗೆ.

ಅನಾರ್‌ಬೂಬು ಬೀರುವಿನಿಂದ ಈಚೆಗೆ ಬಂದರು. ಸುತ್ತಿದ ನಕ್ಷೆಯೊಂದು ಇನ್ನೂ ಕಂಕುಳಲ್ಲಿತ್ತು. ಕಣ್ಣು ತುಂಬಿ ಬಂದಿತ್ತು, ಅದಕ್ಕೆ ಅವರು ನಾಚಿಕೊಳ್ಳಲಿಲ್ಲ.

“ಇಲ್ಲೇ ಇದ್ದೀನಿ, ಎರ್ಕಿನ್ ತಾಲಿಪೊವಿಚ್. ಮೇಲಿನ ಕಾಲುವೆ ಲೆಕ್ಕ ಅರ್ಧಕ್ಕೆ ನಿಂತಿದೆ. ಅದು ಮುಗಿಯೋವರೆಗೂ ಇರ್ತೀನಿ. ಆಮೇಲೆ ನಾನು ಬೇಡ ಅನ್ನಿಸಿದ್ರೆ ನನ್ನೆದುರಿಗೆ ಬಂದು ನಿಂತು ಬಾಯಿ ಬಿಟ್ಟು ಹೇಳಿ, ಕಚ್ಚೋದಿಲ್ಲ.”

ನಿರ್ದೇಶಕರು ಕಿವಿವರೆಗೂ ಕೆಂಪಾದರು. “ಬೇಡ ಅಂತ ನಾನ್ಯಾವಾಗ ಅಂದೆ, ಎಜೆ? ನೀವು ಸುಮ್ನಿದ್ರಿ, ಹೊರಟ್ರಿ ಅಂದ್ಕೊಂಡೆ.”

“ನೀವೂ ಸುಮ್ನಿದ್ರಿ, ನನ್ನನ್ನ ಓಡಿಸ್ತಿದೀರಿ ಅಂದ್ಕೊಂಡೆ.”

“ಇಬ್ರೂ ಸುಮ್ನಿದ್ದು ನನ್ನ ಕುತ್ತಿಗೆಗೆ ನೀರಿನ ಲೆಕ್ಕ ಕಟ್ತಿದ್ರಿ,” ಎಂದು ರಾಜಿಯಾ ಮೂಗು ಒರೆಸಿಕೊಳ್ಳುತ್ತ ಅಂದರು. “ಮೆಷಿನ್ ಹೊರಗೆ ಕಾರಿಡಾರಲ್ಲಿಡಿ. ಅದರ ಗಲಾಟೆ ನಮಗೂ ಬೇಡ.”

ನಿರ್ದೇಶಕರು ನಕ್ಷೆಯನ್ನು ರಾಜಿಯಾರ ಮೇಜಿನ ಮೇಲೆ ಹರಡಿದರು. ಸಿರ್ಗಾ ಆ ಚೌಕದೊಳಗೆ ಅತ್ತೆಯ ಹೆಸರನ್ನು ಬರೆದಳು. ಅದರ ಪಕ್ಕದಲ್ಲೇ ನಿರ್ದೇಶಕರು ಸಹಿ ಹಾಕಿದರು. ಫಿಟ್ಟರ್ ಏಣಿ ಹೊತ್ತು ಒಳಗೆ ಬಂದ.

ಸಿರ್ಗಾ ಅತ್ತೆಯ ಎದುರು ಬಂದು ನಿಂತಳು. “ತಪ್ಪಾಯ್ತು ಅಪಾ. ಎಲ್ಲರ ಮುಂದೆ ಹೆಸರು ಹಿಡಿದುಬಿಟ್ಟೆ.”

“ಮನೇಲಿ ಅಪಾ ಅಂತ್ಲೇ ಕರಿ, ಕಿವಿ ಹಿಂಡ್ತೀನಿ ಇಲ್ಲಾಂದ್ರೆ,” ಅಂದರು ಅನಾರ್‌ಬೂಬು. ಆಮೇಲೆ ಅವಳ ಕೆನ್ನೆಯನ್ನು ಅಂಗೈಯಲ್ಲಿ ಹಿಡಿದು ದನಿ ತಗ್ಗಿಸಿದರು. “ಇಲ್ಲಿಗೆ ಬಂದಾಗ ಹೆಸರು ಹಿಡಿದೇ ಕರಿ, ಬಾಲಾಮ್. ಇಲ್ಲಿ ನಾನು ಯಾರ ಅತ್ತೇನೂ ಅಲ್ಲ.”

ಅಷ್ಟು ಹೇಳಿ ಬೀರುವಿನ ಹಿಂದಕ್ಕೆ ಹೋಗಿ, ಕಂಕುಳಲ್ಲಿದ್ದ ನಕ್ಷೆಯನ್ನು ಮತ್ತೆ ಮೇಜಿನ ಮೇಲೆ ಬಿಚ್ಚಿ ಹರಡಿ, ಏಣಿ ಎಲ್ಲಿ ಇಡಬೇಕೆಂದು ಫಿಟ್ಟರ್‌ಗೆ ತಾವೇ ತೋರಿಸತೊಡಗಿದರು.